ಲಿಚೆಸ್‌ನ ನಿಧಾನದ ಚೆಸ್: ಕಲಿಯುವವರಿಗೆ ಹೇಳಿ ಮಾಡಿಸಿದ್ದು

ಬ್ಲಿಟ್ಜ್ (ಕೆಲವೇ ನಿಮಿಷಗಳ ವೇಗದ ಚೆಸ್) ಆಡಿ ಆಡಿ ರೇಟಿಂಗ್ ಒಂದೇ ಕಡೆ ನಿಂತುಬಿಟ್ಟಿದೆಯಾ? ಹಾಗಾದರೆ ಆನ್‌ಲೈನ್ ಚೆಸ್ ತಾಣವಾದ ಲಿಚೆಸ್‌ನಲ್ಲಿ ಕರೆಸ್ಪಾಂಡೆನ್ಸ್ ಆಟ ಶುರು ಮಾಡಿ. ಒಂದು ನಡೆಗೆ 1 ದಿನದಿಂದ 14 ದಿನದವರೆಗೆ ಸಮಯ ಇಟ್ಟುಕೊಳ್ಳಬಹುದು. ಕಾಸು ಕೊಡಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಅನಾಲಿಸಿಸ್ ಬೋರ್ಡ್. ಆಟ ನಡೆಯುತ್ತಿರುವಾಗಲೇ ಅದರಲ್ಲಿ ಕಾಯಿ ಸರಿಸಿ ನೋಡಬಹುದು. ಓಪನಿಂಗ್ ಡೇಟಾಬೇಸ್ (ಆಟದ ಆರಂಭದ ನಡೆಗಳ ಸಂಗ್ರಹ) ನೋಡಲೂ ಅನುಮತಿಯಿದೆ. ಎಂಜಿನ್, ಅಂದರೆ ಒಳ್ಳೆಯ ನಡೆ ಹುಡುಕಿಕೊಡುವ ಕಂಪ್ಯೂಟರ್ ಪ್ರೋಗ್ರಾಂನ ಸಹಾಯ ಮಾತ್ರ ನಿಷಿದ್ಧ. ಮೊನ್ನೆ ಇಟಾಲಿಯನ್ ಓಪನಿಂಗ್‌ನಲ್ಲಿ ಎದುರಾಳಿಯ ಕುದುರೆ ಜಿ5 ಮನೆಗೆ ಬಂತು, ಒಂಟೆಯ ಜೊತೆ ಸೇರಿ ನನ್ನ ರಾಜನ ಪಕ್ಕದ ಎಫ್7 ಮೇಲೆ ಕಣ್ಣು. ನಾನು ಡಿ5ಕ್ಕೆ ಕಾಲಾಳು ತಳ್ಳಿದೆ, ಅವರು ಹೊಡೆದರು. ಬ್ಲಿಟ್ಜ್‌ನಲ್ಲಾದರೆ ಕೈ ತಾನಾಗಿಯೇ ಕುದುರೆಯಿಂದ ವಾಪಸ್ ಹೊಡೆಯುತ್ತೆ. ಇಲ್ಲಿ ಊಟ ಮುಗಿಸಿ ನಿಧಾನಕ್ಕೆ ಕೂತು ನೋಡಿದೆ: ಹಾಗೆ ಹೊಡೆದರೆ ಅವರ ಕುದುರೆ ಎಫ್7ರಲ್ಲಿ ಬಲಿಯಾಗಿ ನನ್ನ ರಾಜನನ್ನು ಬಯಲಿಗೆ ಎಳೆಯುತ್ತೆ. ಇನ್ನೊಂದು ಕುದುರೆಯನ್ನು ಎ5ಕ್ಕೆ ಕಳಿಸಿ ಒಂಟೆಯನ್ನೇ ಕೆಣಕಿದೆ. ಯಾಕೆ ಅಂತ ಅರ್ಥವಾಗಿ ಆಡಿದ ನಡೆ ಮರೆಯುವುದಿಲ್ಲ.

‘ಅವರು ಹೀಗೆ ಆಡಿದರೆ ನನ್ನದು ಇದು’ ಎಂದು ಮುಂಚೆಯೇ ನಡೆ ಕೂರಿಸಿಡಬಹುದು. ಟಿಪ್ಪಣಿ ಬರೆಯಲು ಪಕ್ಕದಲ್ಲೇ ಜಾಗವಿದೆ, ಎದುರಾಳಿಗೆ ಅದು ಕಾಣುವುದಿಲ್ಲ. ದಯವಿಟ್ಟು ಬಳಸಿ.

14 ದಿನದ ಗಡುವು ಮಾತ್ರ ಬೇಡ, ಆಟ ತಿಂಗಳುಗಟ್ಟಲೆ ಎಳೆದು ಯೋಚನೆಯ ಎಳೆಯೇ ತಪ್ಪುತ್ತೆ. 2 ಅಥವಾ 3 ದಿನ ಸಾಕು. ಒಟ್ಟಿಗೆ ನಾಲ್ಕೈದು ಆಟ ಮೀರಬೇಡಿ. ಮುಗಿದ ಮೇಲೆ ಸ್ಟಾಕ್‌ಫಿಶ್ ಎಂಬ ಎಂಜಿನ್‌ನ ವಿಶ್ಲೇಷಣೆಯೂ ಉಚಿತ, ಆದರೆ ಅದನ್ನು ತೆರೆಯುವ ಮೊದಲು ನಿಮ್ಮದೇ ಟಿಪ್ಪಣಿ ಓದಿಕೊಳ್ಳಿ.