ಬೋರ್ಡ್ ಕೇಳಿದ್ದು, ನಾನು ಆಡಿಸಿದ್ದು: ಫುಟ್‌ಬಾಲ್ ಮ್ಯಾನೇಜರ್ 2024

ಈ ವಿಡಿಯೊ ಗೇಮ್ ಶುರು ಮಾಡಿದ ಹೆಚ್ಚಿನವರು ನೇರ ಟ್ಯಾಕ್ಟಿಕ್ಸ್ (ಆಟದ ತಂತ್ರ) ಪುಟಕ್ಕೆ ಹೋಗುತ್ತಾರೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಈಗ ಮೊದಲು ತೆರೆಯುವುದು ‘ಕ್ಲಬ್ ವಿಷನ್’ ಪುಟ. ಕ್ಲಬ್ಬಿನ ಮಾಲೀಕರಿಗೂ ಬೋರ್ಡಿಗೂ (ಆಡಳಿತ ಮಂಡಳಿ) ಏನು ಬೇಕು ಅಂತ ಅಲ್ಲಿರುತ್ತದೆ. ಆಕ್ರಮಣದ ಆಟ ಆಡಬೇಕು, ಅಕಾಡೆಮಿಯ ಹುಡುಗರನ್ನು ಬೆಳೆಸಬೇಕು, ಸಂಬಳದ ಮಿತಿ ದಾಟಬಾರದು, ಹೀಗೆ. ಮುಂದಿನ ಕೆಲವು ವರ್ಷಗಳ ಗುರಿಯೂ ಇರುತ್ತದೆ. 2020ರ ಆವೃತ್ತಿಯಲ್ಲಿ ಬಂದ ಪುಟ ಇದು. ನನ್ನ ಮಟ್ಟಿಗೆ ಗೇಮಿನ ಜೀವ ಇಲ್ಲೇ ಇದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಚೆಂಡು ಒದೆಯುವ ಕೆಲಸ ನಿಮ್ಮದಲ್ಲ. ನೀವು ಕೋಚ್. ಆಟಗಾರರನ್ನು ಕೊಳ್ಳುವುದು, ಆರಿಸುವುದು, ಆಟದ ತಂತ್ರ, ತರಬೇತಿ, ಪತ್ರಕರ್ತರ ಪ್ರಶ್ನೆ, ಬೋರ್ಡಿನ ಜೊತೆ ಮಾತುಕತೆ, ಇಷ್ಟೇ ನಿಮ್ಮ ಕೈಯಲ್ಲಿರುವುದು. ಓದುವುದು ಜಾಸ್ತಿ. ಅವಸರ ಇರುವವರಿಗೆ ಹಿಡಿಸುವುದು ಕಷ್ಟ.

ನಾನು ಅತಿ ಹೆಚ್ಚು ಗಂಟೆ ಕಳೆದದ್ದು ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ಜೊತೆ. ಆ ಕ್ಲಬ್ ಇರುವ ಬಾಸ್ಕ್ ನಾಡಿನಲ್ಲಿ ಹುಟ್ಟಿದವರು ಅಥವಾ ಅಲ್ಲೇ ಆಡಿ ಬೆಳೆದವರು ಮಾತ್ರ ಆ ತಂಡಕ್ಕೆ ಆಡುತ್ತಾರೆ. ನೂರು ವರ್ಷಕ್ಕೂ ಮೀರಿ ನಡೆದು ಬಂದ ಪದ್ಧತಿ. ಗೇಮಿನಲ್ಲೂ ಅದೇ ನಿಯಮ. ಇಲ್ಲಿ ಒಬ್ಬ ಶ್ರೀಮಂತ ಮಾಲೀಕ ಅಂತ ಯಾರೂ ಇಲ್ಲ. ಕ್ಲಬ್ ಸದಸ್ಯರದ್ದು, ಅಧ್ಯಕ್ಷರನ್ನು ಅವರೇ ಮತ ಹಾಕಿ ಆರಿಸುತ್ತಾರೆ. ಇಷ್ಟು ಸಣ್ಣ ಕೊಳದಲ್ಲಿ ಮೀನು ಹಿಡಿದೂ 1929ರಲ್ಲಿ ಸ್ಪೇನಿನ ಲೀಗ್ ಶುರುವಾದಾಗಿನಿಂದ ಒಮ್ಮೆಯೂ ಕೆಳಗಿನ ದರ್ಜೆಗೆ ಇಳಿದಿಲ್ಲ. ಆ ದಾಖಲೆ ಇರುವ ಇನ್ನೆರಡು ತಂಡ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ. ಯೋಚಿಸಿ ನೋಡಿ!

ಮೂರನೇ ಸೀಸನ್ನಿನಲ್ಲಿ ಗೋಲು ಹೊಡೆಯುವ ನನ್ನ ಮುಖ್ಯ ಸ್ಟ್ರೈಕರ್‌ನ ಮಂಡಿಗೆ ಪೆಟ್ಟಾಯಿತು. ಐದು ತಿಂಗಳು ಆಟ ಇಲ್ಲ. ಬೇರೆ ಕ್ಲಬ್ ಆಗಿದ್ದರೆ ಹುಡುಕು ಪುಟ ತೆರೆದು ಇನ್ನೊಬ್ಬನನ್ನು ಕೊಂಡು ತರುತ್ತಿದ್ದೆ. ಇಲ್ಲಿ ಹುಡುಕಿದರೆ ಸಿಕ್ಕಿದ್ದು ನಾಲ್ಕೈದು ಹೆಸರು, ಒಬ್ಬರನ್ನೂ ಅವರ ಕ್ಲಬ್ ಬಿಡಲಿಲ್ಲ. ಕೊನೆಗೆ ಎರಡನೇ ತಂಡದಿಂದ 18 ವರ್ಷದ ಹುಡುಗನನ್ನು ಮೇಲೆ ತಂದೆ. ಅವನಿಗೆ ಗೋಲು ಹೊಡೆಯುವ ಕೈಚಳಕ ಕಡಿಮೆ, ಆದರೆ ಓಡುವುದಕ್ಕೆ ದಣಿವೇ ಇಲ್ಲ. ಹಾಗಾಗಿ ಇಡೀ ತಂಡದ ಆಟವನ್ನೇ ಬದಲಿಸಿದೆ. ಚೆಂಡು ಕಳೆದುಕೊಂಡ ಕೂಡಲೇ ಎದುರಾಳಿಯ ಅರ್ಧದಲ್ಲೇ ಮುತ್ತಿಗೆ. ಮೈದಾನದ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು, ಒಳಗೆ ಇಬ್ಬರು ನುಗ್ಗುವುದು. ಆರು ಪಂದ್ಯ ಆದ ಮೇಲೆ ನೋಡುತ್ತೇನೆ, ತಂಡಕ್ಕೊಂದು ಮುಖ ಬಂದಿದೆ. ಆ ಮುಖ ನಾನೊಬ್ಬನೇ ಕೊಟ್ಟದ್ದಲ್ಲ. ಸದಸ್ಯರು ಹಾಕಿದ ಬೇಲಿಯೊಳಗೆ ನಾನು ದಾರಿ ಹುಡುಕಿದೆ, ಅಷ್ಟೇ.

ಆಮೇಲೆ ಆಸೆಗೆ ಬಿದ್ದು ಒಂದು ದೊಡ್ಡ ಕ್ಲಬ್ಬಿನ ಕೆಲಸ ಒಪ್ಪಿಕೊಂಡೆ. ಅಲ್ಲಿನ ಮಾಲೀಕರಿಗೆ ಬೇಕಿದ್ದದ್ದು ಹೆಸರುವಾಸಿ ಆಟಗಾರರು. ನನಗೆ ಬೇಕಿದ್ದದ್ದು ಓಡುವವರು. ದುಡ್ಡು ಬೇಕಾದಷ್ಟಿತ್ತು. ಮೂವರು ತಾರೆಯರು ಬಂದರು, ಮೂವರಿಗೂ ಒಟ್ಟಾಗಿ ಮುತ್ತಿಗೆ ಹಾಕುವುದು ಬೇಡ. ಡಿಸೆಂಬರ್ ಹೊತ್ತಿಗೆ ನನ್ನನ್ನು ತೆಗೆದರು. ಎರಡು ದಿನ ಗೇಮ್ ಮುಟ್ಟಲಿಲ್ಲ, ಅಷ್ಟು ಬೇಜಾರಾಗಿತ್ತು.

ಆಗ ನೆನಪಾದದ್ದು ಇಟಲಿಯ ಕ್ಲಬ್ ಎಸಿ ಮಿಲಾನ್. 1986ರಲ್ಲಿ ಟಿವಿ ಉದ್ಯಮಿ ಬೆರ್ಲುಸ್ಕೋನಿ ಆ ಕ್ಲಬ್ ಕೊಂಡರು. ಮರುವರ್ಷವೇ ಕೋಚ್ ಆಗಿ ತಂದದ್ದು ಅರಿಗೊ ಸಾಕ್ಕಿಯವರನ್ನು. ವೃತ್ತಿಪರನಾಗಿ ಎಂದೂ ಆಡದ, ಒಂದು ಕಾಲದಲ್ಲಿ ಶೂ ಮಾರುತ್ತಿದ್ದ ಮನುಷ್ಯ. ಸಾಕ್ಕಿ ಅದಕ್ಕೂ ಮೊದಲು ಕೋಚ್ ಆಗಿದ್ದ ಪಾರ್ಮಾ ತಂಡ ಆಗ ಎರಡನೇ ದರ್ಜೆಯಲ್ಲಿತ್ತು, ಆದರೂ ಇಟಾಲಿಯನ್ ಕಪ್ಪಿನಲ್ಲಿ ಮಿಲಾನನ್ನು ಸೋಲಿಸಿತ್ತು. ತನ್ನನ್ನು ಸೋಲಿಸಿದವನನ್ನೇ ಕರೆದ ಮಾಲೀಕ! ಗುಲ್ಲಿಟ್, ವ್ಯಾನ್ ಬಾಸ್ಟನ್ ಅಂಥ ಡಚ್ ತಾರೆಯರನ್ನು ತಂದದ್ದು ಮಾಲೀಕನ ದುಡ್ಡು. ಹಿಂದಿನ ಡಿಫೆಂಡರ್‌ನಿಂದ ಮುಂದಿನ ಸ್ಟ್ರೈಕರ್‌ವರೆಗೆ ಸುಮಾರು 25 ಮೀಟರ್ ಒಳಗೇ ಇರಬೇಕು ಅಂತ ಅವರನ್ನೂ ಸೇರಿಸಿ ಎಲ್ಲರನ್ನೂ ಒಂದೇ ದೇಹದಂತೆ ಓಡಿಸಿದ್ದು ಸಾಕ್ಕಿ. 1989, 1990 ಎರಡೂ ವರ್ಷ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಪ್ರಶಸ್ತಿಯಾದ ಯುರೋಪಿಯನ್ ಕಪ್ ಬಂತು. ನನ್ನ ದೊಡ್ಡ ಕ್ಲಬ್ಬಿನಲ್ಲಿ ತಾರೆಯರಿದ್ದರು, ಮಾಲೀಕನಿಗೂ ಕೋಚ್‌ಗೂ ನಡುವಿನ ಈ ಹೊಂದಾಣಿಕೆ ಇರಲಿಲ್ಲ. ಕೆಲಸ ಒಪ್ಪುವ ಮುಂಚೆ ವಿಷನ್ ಪುಟವನ್ನು ಸುಮ್ನೆ ಕಣ್ಣಾಡಿಸಿ ಬಿಟ್ಟಿದ್ದೆ.

ಮಾಲೀಕರ ಕಡೆಯನ್ನು ಇನ್ನೂ ಹತ್ತಿರದಿಂದ ತೋರಿಸಬೇಕಿತ್ತು ಅಂತ ನನ್ನ ಆಸೆ. ಕ್ಲಬ್ ಕೈ ಬದಲಾದರೂ ನಮಗೆ ತಲುಪುವುದು ಸುದ್ದಿಯಾಗಿ ಮಾತ್ರ. ಉಳಿದಂತೆ, ಟ್ರಾನ್ಸ್‌ಫರ್ (ಆಟಗಾರರ ಕೊಡು-ಕೊಳ್ಳುವಿಕೆ) ಚೆನ್ನಾಗಿದೆ, ಪಂದ್ಯದ ಚಿತ್ರ ಸಾಕಷ್ಟಿದೆ.

ಹೊಸಬರು ದುಡ್ಡಿರುವ ಕ್ಲಬ್ ಬಿಟ್ಟು, ನಿಯಮ ಗಟ್ಟಿಯಾಗಿರುವ ಕ್ಲಬ್ ಆರಿಸಿಕೊಳ್ಳಿ. ನಾನಂತೂ ಗೇಮನ್ನು ಮೊದಲಿಂದ ಶುರು ಮಾಡಿ ಮತ್ತೆ ಬಿಲ್ಬಾವೊಗೆ ಬಂದಿದ್ದೇನೆ. ನಿನ್ನೆ ಅಕಾಡೆಮಿಯ ಹೊಸ ಹುಡುಗರ ಪಟ್ಟಿ ಬಂತು. ಅದರಲ್ಲಿ 16 ವರ್ಷದ ಒಬ್ಬ ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ಇದ್ದಾನೆ, ಎಡಗಾಲು ತುಂಬಾ ಚೆನ್ನಾಗಿದೆ. ಮುಂದಿನ ಸೀಸನ್ನಿಗೆ ಆ ಜಾಗಕ್ಕೆ ಯಾರನ್ನೂ ಕೊಳ್ಳುವುದಿಲ್ಲ ಅಂತ ಬೋರ್ಡಿಗೆ ಹೇಳಿಬಿಟ್ಟಿದ್ದೇನೆ.