ಪಿಎಂ ಸ್ಕಾಲರ್‌ಶಿಪ್ ರಿವ್ಯೂ: ದುಡ್ಡು ಬಂತು, ಆದ್ರೆ ಒಂದೇ ಒಂದು ಅಕ್ಷರ ಎರಡು ತಿಂಗಳು ಅಲೆಸ್ತು

ಪ್ರತಿ ವರ್ಷ ಪಿಯುಸಿ ರಿಸಲ್ಟ್ ಬಂತು ಅಂದ್ರೆ ನಮ್ಮ ಮಾಜಿ ಸೈನಿಕರ ವಾಟ್ಸಾಪ್ ಗ್ರೂಪಲ್ಲಿ ಇದೇ ಪ್ರಶ್ನೆ, ‘ಸಾರ್, ನಮ್ಮ ಮಕ್ಕಳ ಓದಿಗೆ ಕೊಡೋ ಈ ಪಿಎಂ ಸ್ಕಾಲರ್‌ಶಿಪ್ ನಿಜವಾಗ್ಲೂ ಬರುತ್ತಾ, ಇಲ್ಲ ಸುಮ್ನೆ ಅಲೆಸ್ತಾರಾ?’ ಬರುತ್ತೆ. ಅಲೆದಾಟನೂ ಇದೆ. ನನ್ನ ಮಗಳಿಗೆ 2022ರಲ್ಲಿ ಬಿಇ ಮೊದಲ್ನೇ ವರ್ಷಕ್ಕೆ ಹಾಕಿದ್ವಿ, ಸಿಕ್ತು. ಪ್ರತಿ ಸಲ ಒಬ್ಬೊಬ್ಬರಿಗೆ ವಾಯ್ಸ್ ಮೆಸೇಜ್ ಕಳ್ಸಿ ಗಂಟಲು ಒಣಗಿದೆ, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ.

ಮೊದ್ಲು ದುಡ್ಡಿನ ವಿಷ್ಯ. ಹುಡುಗೀರಿಗೆ ತಿಂಗಳಿಗೆ 3000, ಹುಡುಗರಿಗೆ 2500. ತಿಂಗಳು ತಿಂಗಳು ಬರಲ್ಲ, ವರ್ಷಕ್ಕೊಂದು ಸಲ ಒಟ್ಟಿಗೆ ಅಕೌಂಟಿಗೆ ಬೀಳುತ್ತೆ, ಅಂದ್ರೆ ನಮಗೆ 36,000. 2019-20ಕ್ಕಿಂತ ಮುಂಚೆ ಹುಡುಗೀರಿಗೆ 2250, ಹುಡುಗರಿಗೆ 2000 ಇತ್ತು. ಸಿಇಟಿ ಸೀಟೇ ಆದ್ರೂ ಫೀಸು ಹಾಸ್ಟೆಲ್ಲು ಎಲ್ಲ ಸೇರಿ ನಮಗೆ ವರ್ಷಕ್ಕೆ ಲಕ್ಷ ದಾಟ್ತಿತ್ತು, ಹಂಗಾಗಿ ಇದನ್ನೇ ನಂಬ್ಕೊಂಡು ಕೂತ್ರೆ ಓದ್ಸಕ್ಕಾಗಲ್ಲ, ಆದ್ರೆ ಹಾಸ್ಟೆಲ್ ಊಟದ ಬಿಲ್ಲಿನ ತಲೆನೋವು ಹೋಯ್ತು, ಅದೇನು ಸಣ್ಣದಲ್ಲ. ಇನ್ನೊಂದು, ಈ ದುಡ್ಡು ಕೈಗೆ ಬರೋಕೆ ಯಾರಿಗೂ ಒಂದ್ ರೂಪಾಯಿ ಕೊಟ್ಟಿಲ್ಲ, ಯಾರೂ ಕೇಳ್ಲೂ ಇಲ್ಲ.

ಸ್ಕೀಮು ಕೇಂದ್ರೀಯ ಸೈನಿಕ ಬೋರ್ಡ್‌ದು, ದುಡ್ಡು ನ್ಯಾಷನಲ್ ಡಿಫೆನ್ಸ್ ಫಂಡಿಂದ ಬರೋದು, 2006-07ರಿಂದ ಇದೆ. ಇಡೀ ದೇಶಕ್ಕೆ ವರ್ಷಕ್ಕೆ 5500 ಜನಕ್ಕೆ, ಅದ್ರಲ್ಲಿ ಅರ್ಧ ಹುಡುಗೀರಿಗೆ. ಹುತಾತ್ಮರ ಮಕ್ಕಳಿಗೆ, ಯುದ್ಧದಲ್ಲಿ ಗಾಯ ಆದವರ ಮಕ್ಕಳಿಗೆ ಮೊದ್ಲು ಕೊಡ್ತಾರೆ, ಅದು ನ್ಯಾಯನೇ. ನಮ್ಮಂಗೆ ಕೈಕಾಲು ನೆಟ್ಟಗೆ ಇಟ್ಕೊಂಡು ಪೆನ್ಷನ್ ಬಂದ ಹವಾಲ್ದಾರ್, ನಾಯಕ್‌ಗಳ ಮಕ್ಕಳು ಕೊನೇ ಕೆಟಗರಿ, ಅಲ್ಲಿ ಮಾರ್ಕ್ಸ್ ಮೇಲೆ ಫೈಟು. ಅರ್ಜಿ ಹಾಕಕ್ಕೆ 60 ಪರ್ಸೆಂಟ್ ಸಾಕು, ಅಂದ್ರೆ ಪಿಯುಸೀಲಿ 600ಕ್ಕೆ 360, ಆದ್ರೆ ಹಾಕಕ್ಕೆ ಸಾಕು ಅನ್ನೋದು ಬೇರೆ, ಸಿಗೋದು ಬೇರೆ, ಇದನ್ನ ಎಷ್ಟು ಸಲ ಹೇಳಿದ್ರೂ ಗ್ರೂಪಲ್ಲಿ ಯಾರೂ ಕೇಳಲ್ಲ.

ಈಗ ಅಸಲಿ ಕಥೆಗೆ ಬರ್ತೀನಿ. ಅರ್ಜಿ ಏನೋ ಆನ್‌ಲೈನು, ಆದ್ರೆ ಅದ್ರ ಜೊತೆ ಮಾಜಿ ಸೈನಿಕನ ಸರ್ಟಿಫಿಕೇಟ್ ಬೇಕು, ಅದನ್ನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಲಿ ಸಹಿ ಮಾಡ್ಸ್ಬೇಕು. ಫೈಲು ಕಂಕುಳಲ್ಲಿ ಇಟ್ಕೊಂಡು ಧಿಮಾಕಾಗೇ ಹೋದೆ. ಅಲ್ಲಿದ್ದ ಕ್ಲರ್ಕು, ಅವರೂ ನಮ್ಮ ಹಂಗೇ ಪೆನ್ಷನ್ ಬಂದವ್ರು, ನನ್ನ ಡಿಸ್ಚಾರ್ಜ್ ಬುಕ್ (ಸೈನ್ಯದಿಂದ ಬಿಡುಗಡೆ ಆಗೋವಾಗ ಕೊಡೋ ಪುಸ್ತಕ) ತೆಗೆದು ಫ್ಯಾಮಿಲಿ ಡೀಟೇಲ್ಸ್ ಇರೋ ಪುಟದಲ್ಲಿ ಮಗಳ ಹೆಸರಿನ ಕೆಳಗೆ ಸ್ಕೇಲ್ ಇಟ್ರು, ಪಕ್ಕದಲ್ಲಿ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಇಟ್ರು, ಒಂದೊಂದೇ ಅಕ್ಷರ ಪೆನ್ಸಿಲ್ ತುದೀಲಿ ಮುಟ್ಕೊಂಡು ಹೋದ್ರು, ಮಧ್ಯದಲ್ಲಿ ನಿಂತ್ರು. ವೈ ಇರ್ಬೇಕಾದ ಕಡೆ ಐ ಇದೆ. ‘ಹವಾಲ್ದಾರ್ ಸಾಹೇಬ್ರೇ, ಇವಳು ಬೇರೆ ಹುಡುಗಿ ಆಗ್ತಾಳೆ’ ಅಂದ್ರು ನಗ್ತಾ. ನನಗೆ ನಗು ಬರ್ಲಿಲ್ಲ.

ಅವಳು ಹುಟ್ಟಿದಾಗ ನಾನು ಅರುಣಾಚಲದ ತವಾಂಗ್ ಕಡೆ ಇದ್ದೆ. ಊರಿಂದ ಬಂದ ಕಾಗದ ನೋಡ್ಕೊಂಡು ಯೂನಿಟ್ ಆಫೀಸಲ್ಲಿ ಯಾರೋ ಪುಣ್ಯಾತ್ಮ ಟೈಪ್ ಮಾಡಿದ್ದ, ಪಾರ್ಟ್ ಟೂ ಆರ್ಡರ್ (ಮದುವೆ, ಮಕ್ಕಳು ಇಂಥದ್ದನ್ನ ಸೈನ್ಯದ ದಾಖಲೆಗೆ ಸೇರಿಸೋ ಆದೇಶ) ಹಂಗೇ ಪಬ್ಲಿಷ್ ಆಯ್ತು, ನಾನೂ ಸಹಿ ಹಾಕ್ದೆ. 18 ವರ್ಷ ಯಾರೂ ನೋಡ್ಲಿಲ್ಲ. ಆಮೇಲೆ ಅಫಿಡವಿಟ್ಟು, ಬರ್ತ್ ಸರ್ಟಿಫಿಕೇಟು, ಸೈನ್ಯದ ರೆಕಾರ್ಡ್ಸ್ ಆಫೀಸಿಗೆ ರಿಜಿಸ್ಟರ್ಡ್ ಪೋಸ್ಟು, ಅದಕ್ಕೆ ಉತ್ತರ ಬರೋವರ್ಗೂ ದಿನಾ ಪೋಸ್ಟ್‌ಮ್ಯಾನ್ ಮುಖ ನೋಡೋದು, ಒಟ್ಟು ಎರಡು ತಿಂಗಳು ಹೋಯ್ತು. ಸಿಇಟಿ ಎಕ್ಸ್-ಡಿಫೆನ್ಸ್ ಕೋಟಾಕ್ಕೆ ಅಂತ ಬೇಸಿಗೇಲೇ ಈ ಕಾಗದ ಎಲ್ಲ ತೆಗೆಸಕ್ಕೆ ಹೋಗಿದ್ದಕ್ಕೆ ಬಚಾವಾದೆ, ಇಲ್ಲಾಂದ್ರೆ ಸ್ಕಾಲರ್‌ಶಿಪ್ ಲಾಸ್ಟ್ ಡೇಟ್ ಹೋಗೇ ಹೋಗ್ತಿತ್ತು. (ಕೋಟಾದಲ್ಲಿ ಸೀಟು ಸಿಗ್ಲಿಲ್ಲ, ಜನರಲ್ ರ‍್ಯಾಂಕಲ್ಲೇ ಸಿಕ್ತು, ಅದು ಬೇರೆ ಕಥೆ.) ಸರ್ವಿಸಲ್ಲಿ ಇರೋ ಹುಡುಗ್ರು ಯಾರಾದ್ರೂ ಓದ್ತಿದ್ರೆ, ಯೂನಿಟ್ಟಲ್ಲಿ ಇರೋವಾಗ್ಲೇ ಮಕ್ಕಳ ಹೆಸರು, ಹುಟ್ಟಿದ ತಾರೀಖು ಚೆಕ್ ಮಾಡ್ಸ್ಕೊಳ್ರಪ್ಪಾ, ಅಲ್ಲಿ ಒಂದು ಅರ್ಜೀಲಿ ಮುಗಿಯೋ ಕೆಲ್ಸ ಮನೆಗೆ ಬಂದ್ಮೇಲೆ ಕೋರ್ಟು ಕಚೇರಿ ತರ ಆಗುತ್ತೆ.

ಎರಡ್ನೇದು ಕಾಲೇಜಿನ ಬೋನಾಫೈಡ್, ಅಂದ್ರೆ ಇವಳು ನಮ್ಮಲ್ಲೇ ಓದ್ತಿದಾಳೆ ಅನ್ನೋ ಪತ್ರ. ಇದು ಸೈನಿಕ ಬೋರ್ಡಿನ ಫಾರ್ಮ್ಯಾಟಲ್ಲೇ ಇರ್ಬೇಕು. ಮಗಳ ಕಾಲೇಜಲ್ಲಿ ಆಫೀಸಿನವ್ರು ‘ನಮ್ಮ ಲೆಟರ್‌ಹೆಡ್ಡಲ್ಲೇ ಕೊಡೋದು’ ಅಂತ ಹಠ, ಎರಡು ಸಲ ವಾಪಸ್ ಕಳ್ಸಿದ್ರು, ಮೂರನೇ ಸಲ ನಾನೇ ಹಳೇ ಯೂನಿಫಾರ್ಮಿನ ಬೆಲ್ಟ್ ಹಾಕ್ಕೊಂಡು ಪ್ರಿನ್ಸಿಪಾಲ್ ರೂಮಿನ ಹೊರಗೆ ಬೆಂಚಲ್ಲಿ ಕೂತೆ. ಐದು ನಿಮಿಷದಲ್ಲಿ ಸಹಿ ಆಯ್ತು. ಪಾಪ ಪ್ರಿನ್ಸಿಪಾಲ್‌ಗೆ ವಿಷ್ಯನೇ ಗೊತ್ತಿರ್ಲಿಲ್ಲ.

ಬ್ಯಾಂಕು: ಅಕೌಂಟಿಗೆ ಆಧಾರ್ ಜೆರಾಕ್ಸ್ ಕೊಟ್ಟಿದೀವಿ ಅಂದ್ರೆ ಲಿಂಕ್ ಆಯ್ತು ಅಂತಲ್ಲ, ಸೀಡಿಂಗ್ ಅಂತ, ಅಂದ್ರೆ ಸರ್ಕಾರದ ದುಡ್ಡು ಬೀಳೋಕೆ ಆಧಾರ್ ನಂಬರನ್ನ ಅಕೌಂಟಿಗೆ ಜೋಡಿಸೋದು, ಬೇರೆ ಮಾಡ್ಬೇಕು. ಅದನ್ನ ಬ್ಯಾಂಕಿನವ್ರಿಂದ ಬರೆಸ್ಕೊಂಡು ಅಪ್‌ಲೋಡ್ ಮಾಡ್ಬೇಕು. ಅಕೌಂಟು ಮಗು ಹೆಸರಲ್ಲೇ ಇರ್ಲಿ.

ಬೇಜಾರಿರೋದು ಯಾವ್ದ್ರ ಬಗ್ಗೆ ಅಂದ್ರೆ ಕೋರ್ಸಿನ ಲಿಸ್ಟು. ಬಿಇ, ಎಂಬಿಬಿಎಸ್, ಬಿಎಡ್, ಬಿಸಿಎ, ಬಿಬಿಎ ಇಂಥವಕ್ಕೆಲ್ಲ ಇದೆ, ಪಿಜೀಲಿ ಎಂಬಿಎ ಎಂಸಿಎಗೆ ಇದೆ. ಆದ್ರೆ ಸಾದಾ ಬಿಎ, ಬಿಕಾಂ, ಬಿಎಸ್ಸಿ ಓದೋ ಮಕ್ಕಳಿಗೆ ಇಲ್ಲ. ಹಳ್ಳೀಲಿ ನಮ್ಮ ಎಷ್ಟೋ ಜವಾನರ ಮಕ್ಕಳು ಸೇರೋದೇ ತಾಲ್ಲೂಕಿನ ಸರ್ಕಾರಿ ಡಿಗ್ರಿ ಕಾಲೇಜು, ಜಾಸ್ತಿ ಬೇಕಾಗಿರೋದೂ ಅವರಿಗೇ. ಅಂಥವರು ರಕ್ಷಾ ಮಂತ್ರಿ ಫಂಡಿನ ಎಜುಕೇಷನ್ ಗ್ರಾಂಟ್ ನೋಡಿ, ಹವಾಲ್ದಾರ್‌ವರೆಗಿನ ರ‍್ಯಾಂಕಿನವರ ಇಬ್ಬರು ಮಕ್ಕಳಿಗೆ ಒಂದನೇ ಕ್ಲಾಸಿಂದ ಡಿಗ್ರಿವರೆಗೂ ಇದೆ, ತಿಂಗಳಿಗೆ ಸಾವಿರ ಇತ್ತು, 2025ರ ನವೆಂಬರಿಂದ ಹಾಕೋ ಅರ್ಜಿಗಳಿಗೆ ಎರಡು ಸಾವಿರ ಮಾಡಿದಾರೆ. ಇದೂ ಅದೇ ಸೈನಿಕ ಬೋರ್ಡ್ ಮೂಲಕನೇ.

ಬಿಎಸ್‌ಎಫ್, ಸಿಆರ್‌ಪಿಎಫ್ ಇಂದ ಬಂದವ್ರು ಇಲ್ಲಿ ಹಾಕಿ ಟೈಮ್ ವೇಸ್ಟ್ ಮಾಡ್ಬೇಡಿ, ಹೆಸರು ಒಂದೇ ಆದ್ರೂ ನಿಮ್ದು ಗೃಹ ಇಲಾಖೆದು, ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ಹಾಕ್ಬೇಕು. ನಮ್ಮ ಪಕ್ಕದ ಬೀದಿ ಬಿಎಸ್‌ಎಫ್ ದೋಸ್ತು ಇದೇ ಗೊಂದಲದಲ್ಲಿ ಒಂದು ವರ್ಷ ಕಳ್ಕೊಂಡ.

ರಿನ್ಯೂವಲ್ ಸುಲಭ. ವರ್ಷಕ್ಕೆ 50 ಪರ್ಸೆಂಟ್ ತೆಗೀಬೇಕು, ರಿಸಲ್ಟ್ ಬಂದ್ಮೇಲೆ ಅದೇ ಲಾಗಿನ್ನಲ್ಲಿ ಹಾಕೋದು. ಆ ಪಾಸ್‌ವರ್ಡ್ ಮಾತ್ರ ಬರೆದಿಟ್ಕೊಳಿ, ಸೈಬರ್ ಸೆಂಟರ್ ಹುಡುಗನ ಈಮೇಲ್ ಐಡೀಲಿ ರಿಜಿಸ್ಟರ್ ಮಾಡ್ಸಿ ಆಮೇಲೆ ಅವ್ನು ಅಂಗಡಿ ಮುಚ್ಕೊಂಡು ಹೋದ್ರೆ ದೇವ್ರೇ ಗತಿ, ಇದು ನಮ್ಮ ಗ್ರೂಪಲ್ಲೇ ಒಬ್ಬರಿಗೆ ಆಗಿದೆ.

5ಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಬಿಎಸ್ಸಿ ಮಕ್ಕಳನ್ನ ಬಿಟ್ಟಿದ್ದಕ್ಕೆ ಒಂದು ಕಟ್. ಹಾ, ಆ ವೈ ತಿದ್ದಿದ ಆರ್ಡರ್ ಬಂತಲ್ಲ, ಅದ್ರಲ್ಲಿ ಮಗಳ ಹೆಸರು ಸರಿ ಇತ್ತು, ನಮ್ಮನೆಯವಳ ಹೆಸರಲ್ಲಿ ಒಂದು ಎಚ್ ಎಗರಿಹೋಗಿತ್ತು. ನಾಳಿದ್ದು ಮತ್ತೆ ನೋಟರಿ ಹತ್ರ ಹೋಗ್ತಿದೀನಿ.