ಬಯಲಾಟದ ಫೋಟೋಗೆ ಕಡಿಮೆ ದುಡ್ಡಿನ ಡಿಎಸ್‌ಎಲ್‌ಆರ್: ನಿಕಾನ್ ಡಿ3500

ಬಜೆಟ್ ಕಡಿಮೆ, ಆದರೆ ಫೋಟೋಗ್ರಫಿ ಸರಿಯಾಗಿ ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ ಮಾತು. ಒಳ್ಳೆ ಕಂಡೀಷನ್‌ನಲ್ಲಿರುವ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3500 ತಗೊಳ್ಳಿ, ಉಳಿದ ದುಡ್ಡನ್ನು ಲೆನ್ಸ್‌ಗೆ ಹಾಕಿ. 2018ರಲ್ಲಿ ಬಂದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ ಇದು. ಕಂಪನಿ ಈಗ ಇದನ್ನು ತಯಾರಿಸುತ್ತಿಲ್ಲ, ಹಾಗಾಗಿ ಹಳೆಯದನ್ನೇ ಹುಡುಕಬೇಕು. ಅದಕ್ಕೆ ಹಿಂಜರಿಯಬೇಡಿ. ಒಳಗಿರುವ 24 ಮೆಗಾಪಿಕ್ಸೆಲ್ ಸೆನ್ಸರ್ ಇವತ್ತಿಗೂ ತುಂಬಾ ಚೆನ್ನಾಗಿದೆ.

ನಾನು ಇದನ್ನು ಜಾಸ್ತಿ ಬಳಸುವುದು ಯಕ್ಷಗಾನಕ್ಕೆ. ರಾತ್ರಿಯ ಬಯಲಾಟ ಅಂದರೆ ಕ್ಯಾಮೆರಾಕ್ಕೆ ದೊಡ್ಡ ಪರೀಕ್ಷೆಯೇ ಸರಿ. ಬೆಳಕು ಸಾಲದು, ಕಲಾವಿದರು ಒಂದು ಕಡೆ ನಿಲ್ಲುವುದಿಲ್ಲ, ಫ್ಲ್ಯಾಶ್ ಹಾಕಿ ಅವರ ಕಣ್ಣಿಗೆ ಹೊಡೆಯುವುದಂತೂ ಸರಿಯಲ್ಲ. ಜೊತೆಗೆ ಬರುವ 18-55 ಕಿಟ್ ಲೆನ್ಸನ್ನು 55ಕ್ಕೆ ಝೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಐಎಸ್‌ಒ 3200 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಇಟ್ಟು ಶಟರ್ ವೇಗ ಸೆಕೆಂಡಿನ 1/30 ಭಾಗಕ್ಕೆ ಬಂತು ಅಂದುಕೊಳ್ಳಿ, ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಪುಂಡುವೇಷ, ಅಂದರೆ ಚುರುಕಾದ ಯುವವೀರನ ಪಾತ್ರ, ದಿಗಿಣ ಹಾಕುವಾಗ, ಅಂದರೆ ಹಾರಿ ಸುತ್ತುವಾಗ, ಮುಖ, ಕೈ ಎಲ್ಲ ಕಲಸಿಹೋಗುತ್ತದೆ. ಅಲ್ಲೇ ನಿಂತು ನಿಕಾನ್‌ನ 35 ಎಂಎಂ ಎಫ್/1.8 ಡಿಎಕ್ಸ್ ಲೆನ್ಸ್ ಹಾಕಿ ಪೂರ್ತಿ ತೆರೆಯಿರಿ. ಒಂಬತ್ತು ಪಟ್ಟಿಗಿಂತ ಜಾಸ್ತಿ ಬೆಳಕು ಒಳಗೆ ಬರುತ್ತದೆ, ಅದೇ ಐಎಸ್‌ಒದಲ್ಲಿ ಶಟರ್ 1/250ರವರೆಗೆ ಏರುತ್ತದೆ. ಗಾಳಿಯಲ್ಲಿರುವ ಕಾಲಿನ ಗೆಜ್ಜೆ ಕೂಡ ಸ್ಪಷ್ಟವಾಗಿ ಸಿಗುತ್ತದೆ. ಕ್ಯಾಮೆರಾ ಬಾಡಿ ಬದಲಿಸಿದರೆ ಇಷ್ಟು ವ್ಯತ್ಯಾಸ ಬರುವುದಿಲ್ಲ, ಲೆನ್ಸ್ ಬದಲಿಸಿದರೆ ಬರುತ್ತದೆ.

ಆಟ ಶುರುವಾಗುವ ಮೊದಲು ಚೌಕಿಗೆ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗಕ್ಕೆ, ಹೋಗಿ ನೋಡಿ. ಬಣ್ಣದ ವೇಷದವರು ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಮುಖದ ಮೇಲೆ ಒಂದೊಂದಾಗಿ ಇಡುತ್ತಾ ಕೂತಿರುತ್ತಾರೆ. ಅಲ್ಲಿಗೂ ಈ 35 ಎಂಎಂ ಲೆನ್ಸೇ ಬೇಕು. ಒಂದು ಕಿವಿಮಾತು: ಡಿ3500ರಲ್ಲಿ 11 ಫೋಕಸ್ ಪಾಯಿಂಟ್ ಇದ್ದರೂ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಗುರುತಿಸುವುದು) ಇರುವುದು ನಡುವಿನದು ಮಾತ್ರ. ಕತ್ತಲಲ್ಲಿ ಅದನ್ನೇ ನಂಬಿ, ಕಣ್ಣಿನ ಮೇಲೆ ಫೋಕಸ್ ಹಿಡಿದು ಆಮೇಲೆ ಫ್ರೇಮ್ ಸರಿಮಾಡಿಕೊಳ್ಳಿ. ಫೋಕಸ್‌ಗೆ ಸಹಾಯ ಮಾಡುವ ಲೈಟನ್ನು ಮೆನುವಿನಲ್ಲಿ ಆಫ್ ಮಾಡಿಡಿ, ಪಾಪ, ಎದುರಿಗಿರುವವರಿಗೆ ಕಿರಿಕಿರಿ ಆಗುತ್ತದೆ.

ಬ್ಯಾಟರಿ ಬಗ್ಗೆ ಹೇಳಲೇಬೇಕು. ಕಂಪನಿಯ ಲೆಕ್ಕದಲ್ಲಿ ಒಂದು ಚಾರ್ಜ್‌ಗೆ 1550 ಫೋಟೋ. ಇದಕ್ಕೆ ಪೈಪೋಟಿಯ ಕ್ಯಾನನ್ 1500ಡಿಗೆ ಇದೇ ಲೆಕ್ಕ ಸುಮಾರು 500. ಬೆಳಗಿನವರೆಗೆ ನಡೆಯುವ ಆಟಕ್ಕೆ ಚಾರ್ಜರ್ ಹಿಡಿದು ಪ್ಲಗ್ ಹುಡುಕುವ ಕೆಲಸ ಇಲ್ಲ. ಒಂದರ ಹಿಂದೆ ಒಂದು ಫೋಟೋ ತೆಗೆಯುವಾಗಲೂ ಇದು ಸೆಕೆಂಡಿಗೆ 5, ಅದು 3.

ಹಾಗಂತ 1500ಡಿ ಕೆಟ್ಟದ್ದೇನಲ್ಲ. ಅದರಲ್ಲಿ ವೈಫೈ ಇದೆ, ಡಿ3500ರಲ್ಲಿ ಬರೀ ಬ್ಲೂಟೂತ್. ಇನ್ನೊಂದು ಮುಖ್ಯ ವಿಷಯ, ಡಿ3500ರ ಒಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ನಿಕಾನ್‌ನ ಹಳೆಯ 50 ಎಂಎಂ ಎಫ್/1.8ಡಿ ತಂದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಲೆನ್ಸ್ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇದೆಯಾ, ಅಂದರೆ ಲೆನ್ಸ್ ಒಳಗೇ ಮೋಟರ್ ಇದೆಯಾ, ನೋಡಿಯೇ ತಗೊಳ್ಳಿ. ಕ್ಯಾನನ್‌ನಲ್ಲಿ ಈ ತಲೆನೋವಿಲ್ಲ, ಅವರ 50 ಎಂಎಂ ಎಫ್/1.8 ಎಸ್‌ಟಿಎಂ ಕಡಿಮೆ ದುಡ್ಡಿನ ಲೆನ್ಸ್, ಯಾವ ಇಒಎಸ್ ಡಿಎಸ್‌ಎಲ್‌ಆರ್‌ಗಾದರೂ ಆಗುತ್ತದೆ. ನಿಮಗೆ ವಿಡಿಯೋನೇ ಮುಖ್ಯ ಅಂದರೆ ಡಿ3500 ಬೇಡ. ಮೈಕ್ ಹಾಕಲು ಜಾಗ ಇಲ್ಲ, ಸ್ಕ್ರೀನ್ ತಿರುಗುವುದಿಲ್ಲ. ಸ್ವಲ್ಪ ಜಾಸ್ತಿ ಹಾಕಿ ಕ್ಯಾನನ್ 200ಡಿ ಮಾರ್ಕ್ 2 ನೋಡಿ, ಎರಡೂ ಇದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ನಿಮ್ಮದೇ ಎಸ್‌ಡಿ ಕಾರ್ಡ್ ಮತ್ತು ಒಂದು ಟಾರ್ಚ್ ಇರಲಿ. ಎಫ್/16 ಇಟ್ಟು ಆಕಾಶದ ಫೋಟೋ ತೆಗೆಯಿರಿ, ಸೆನ್ಸರ್ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆ ಕಾಣುತ್ತದೆ. ಆ ಫೈಲಿನಲ್ಲೇ ಶಟರ್ ಎಷ್ಟು ಸಲ ಓಡಿದೆ ಅನ್ನುವ ಲೆಕ್ಕವೂ ಇರುತ್ತದೆ, ನಿಕಾನ್‌ನಲ್ಲಿ ಅದನ್ನು ನೋಡುವುದು ಸುಲಭ. ಈ ಮಾಡೆಲ್‌ನ ಶಟರ್ 1 ಲಕ್ಷಕ್ಕೆ ಅಂತ ಮಾಡಿದ್ದು, 20-30 ಸಾವಿರ ಓಡಿದ್ದರೆ ಧೈರ್ಯವಾಗಿ ಮಾತಾಡಿ. ಆಮೇಲೆ ಲೆನ್ಸನ್ನು ಕ್ಯಾಮೆರಾದಿಂದ ತೆಗೆದು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಳಗೆ ಜೇಡರ ಬಲೆಯ ಹಾಗೆ ಸಣ್ಣ ಗೆರೆ ಕಂಡರೆ ಅದು ಫಂಗಸ್. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಲೆನ್ಸನ್ನು ಕ್ಯಾಮೆರಾ ಬ್ಯಾಗಿನಲ್ಲಿ ಸುಮ್ನೆ ಬಿಡಬೇಡಿ, ಬ್ಯಾಗೇ ಥಂಡಿ ಹೀರಿಕೊಂಡಿರುತ್ತದೆ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಇಷ್ಟಿದ್ದರೆ ಸಾಕು. ನೀಲಿ ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ, ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ.